ಮಾವನ ಎಡ, ಬಿಲ್ಡಿಂಗಿನ ಎಡ

ನನ್ನ ಸೋದರಮಾವನಿಗೆ ಎರಡು ಎಡಗಳಿವೆ. ನಗಬೇಡಿ! ನಮಗೆಲ್ಲ ಒಂದೇ ಎಡ, ಒಂದೇ ಬಲ. ಅಷ್ಟರಲ್ಲೇ ಹೇಗೋ ಜೀವನ ಸಾಗಿಸುತ್ತೇವೆ. ಮಾವನಿಗೆ ಹಾಗಲ್ಲ. ನೋಡುವವರ ಎಡ ಒಂದು, ನೋಡಿಸಿಕೊಳ್ಳುವವರ ಎಡ ಇನ್ನೊಂದು. ಎರಡನೆಯದೇ ಅಸಲಿ ಎಂದು ಅವರ ವಾದ.

ಇದಕ್ಕೆಲ್ಲ ಕಾರಣ ಅವರ ನೌಕರಿ. ಉಡುಪಿ ಕಡೆಯಿಂದ ಹೋಟೆಲ್ ಕೆಲಸಕ್ಕೆಂದು ಮುಂಬಯಿಗೆ ಬಂದವರು, ಅದು ಹೇಗೋ ಪರೇಲಿನ ಒಂದು ಮೆಡಿಕಲ್ ಕಾಲೇಜಿನಲ್ಲಿ ಹೆಣ ಕೊಯ್ದು ಪಾಠ ಹೇಳುವ ಹಾಲಿಗೆ ಅಟೆಂಡರ್ ಆಗಿ ಸೇರಿಬಿಟ್ಟರು. ಮೂವತ್ತೈದು ವರ್ಷ ಹೆಣಗಳನ್ನು ಮೇಜಿಗೇರಿಸಿದರು, ಇಳಿಸಿದರು, ಮೂಳೆಗಳನ್ನು ಒರೆಸಿ ಜೋಡಿಸಿಟ್ಟರು. ಜೊತೆಗೆ ಅದೇ ಪಾಠವನ್ನು ಮೂವತ್ತೈದು ಸಲ ಕೇಳಿದರು. ಅಷ್ಟು ಸಲ ಕೇಳಿದರೆ ಮೇಜು ಕೂಡ ಪಾಸಾದೀತು! ಪರೀಕ್ಷೆಗೆ ಮುಂಚೆ ವಿದ್ಯಾರ್ಥಿಗಳು ಇವರ ಹತ್ತಿರವೇ ಸಂಶಯ ಕೇಳಲು ಬರುತ್ತಿದ್ದರಂತೆ. ಇದು ಮಾವನೇ ಹೇಳಿದ್ದು. ಸಾಕ್ಷಿ ಹೇಳಬೇಕಾದವರು ಮೇಜಿನ ಮೇಲೆ ಮಲಗಿದ್ದರು.

ರಿಟೈರಾಗಿ ದಹಿಸರಿನಲ್ಲಿ ಮನೆ ಮಾಡಿದಾಗ ನಾನು ಮಲಾಡಿನಿಂದ ನೋಡಲು ಹೊರಟೆ. "ಬಿಲ್ಡಿಂಗಿನ ಎಡಗಡೆ ಗೇಟು ಉಂಟು, ಸೀದಾ ಒಳಗೆ ಬಾ" ಎಂದು ಮಾವ ಫೋನಿನಲ್ಲಿ ದಾರಿ ಹೇಳಿದರು. ಬಿಲ್ಡಿಂಗಿನ ಎದುರು ನಿಂತು ಎಡಕ್ಕೆ ಹೋದೆ. ಅಲ್ಲಿ ಗೇಟಿಲ್ಲ, ಹಿಟ್ಟಿನ ಗಿರಣಿ! ಗಿರಣಿಯವನು ನನ್ನ ಕೈಚೀಲವನ್ನು ತೆಗೆದುಕೊಂಡು ತಕ್ಕಡಿಯ ಮೇಲೆ ಇಟ್ಟೇಬಿಟ್ಟ. ಒಳಗಿದ್ದದ್ದು ಮಾವನಿಗೆಂದು ತಂದ ಸೇಬು.

"ಮಾವ, ಇಲ್ಲಿ ಗೇಟೇ ಇಲ್ವಲ್ಲ!" ಎಂದು ಮತ್ತೆ ಫೋನು ಮಾಡಿದೆ.

"ನೀನು ಯಾರ ಎಡಕ್ಕೆ ಹೋದದ್ದು ಮಾರಾಯ್ತಿ?"

"ನನ್ನ ಎಡಕ್ಕೆ!"

"ಅದೇ ತಪ್ಪು! ಬಿಲ್ಡಿಂಗ್ ನಿನ್ನ ಕಡೆ ಮುಖ ಮಾಡಿ ನಿಂತದ್ದಲ್ವಾ? ನಾನು ಹೇಳಿದ್ದು ಬಿಲ್ಡಿಂಗಿನ ಎಡ. ಹೆಣದ ಎಡ ಅಂದ್ರೆ ಹೆಣದ್ದೇ, ಕೊಯ್ಯುವವನದ್ದಲ್ಲ!"

ಅಂತೂ ಮನೆ ಸೇರಿದೆ. ಅತ್ತೆ ಒಂದು ಪಪ್ಪಾಯಿಯನ್ನು ಮಾವನ ಕೈಗೆ ಕೊಟ್ಟು ಕತ್ತರಿಸಲು ಹೇಳಿದರು. ಕೆಟ್ಟೆವು! ಎಡ ಬಲ ಬೇರೆಯಾಗುವಂತೆ ಸೀಳಿದರೆ ಸ್ಯಾಜಿಟಲ್ ಪ್ಲೇನು, ಮುಂದು ಹಿಂದು ಬೇರೆಯಾದರೆ ಕೊರೋನಲ್, ಅಡ್ಡಕ್ಕೆ ಕೊಯ್ದರೆ ಟ್ರಾನ್ಸ್‌ವರ್ಸ್ ಎಂದು ಪಾಠವಾಯಿತು. ಸ್ಯಾಜಿಟಲ್ಲೇ ಆಗಲಿ ಎಂದು ತೀರ್ಮಾನವೂ ಆಯಿತು. ಆದರೆ ಪಪ್ಪಾಯಿಯ ಮುಖ ಯಾವ ಕಡೆ? ಮುಖವೇ ಸಿಗದೆ ಎಡ ಬಲ ಎಲ್ಲಿಂದ ಬರಬೇಕು? ಮಾವ ಹಣ್ಣನ್ನು ತಿರುಗಿಸಿ ತಿರುಗಿಸಿ ನೋಡಿದರು. ಕಾಲು ಗಂಟೆ ಕಳೆಯಿತು. ಅತ್ತೆ ಚೂರಿ ಕಸಿದುಕೊಂಡು ಮನಬಂದಂತೆ ಹೋಳು ಮಾಡಿ ತಟ್ಟೆಗೆ ಸುರಿದರು.

"ಇದು ಯಾವ ಪ್ಲೇನು?" ಎಂದು ಮಾವ ನೊಂದು ಕೇಳಿದರು.

"ಹಸಿವಿನ ಪ್ಲೇನು. ತಿನ್ನಿ!"

ಇನ್ನೊಮ್ಮೆ ಅವರೊಟ್ಟಿಗೆ ಲೋಕಲ್ ಟ್ರೈನಿನಲ್ಲಿ ಹೋಗುತ್ತಿದ್ದೆ. ಕಾಲಿಡಲೂ ಜಾಗವಿಲ್ಲ. ಪಕ್ಕದವನ ಮೊಣಕೈ ಮಾವನಿಗೆ ಎದೆಗೂಡಿನ ಕೆಳಗೆ, ಹೊಟ್ಟೆಯ ಮೇಲ್ಭಾಗಕ್ಕೆ ಒತ್ತುತ್ತಿತ್ತು. ಬೇರೆಯವರಾದರೆ "ಸರಕೋ ಭಾಯಿ" ಎಂದು ಆಚೆ ಸರಿಯಲು ಹೇಳುತ್ತಿದ್ದರು. ಮಾವ ಗಂಭೀರವಾಗಿ, ಆ ಜಾಗದ ಡಾಕ್ಟರಿ ಹೆಸರು ಹಿಡಿದು, "ಭಾಯಿಸಾಬ್, ಆಪ್‌ಕಾ ಹಾಥ್ ಮೇರೆ ಎಪಿಗ್ಯಾಸ್ಟ್ರಿಯಮ್ ಪೇ ಹೈ" ಎಂದರು. ಅವನು ಹೌಹಾರಿ ಕೈ ಎಳೆದುಕೊಂಡ.

"ಸಾರಿ ಅಂಕಲ್! ಟೂಟಾ ತೋ ನಹೀಂ?"

ಒಡೆದುಹೋಗಲಿಲ್ಲ ತಾನೇ ಎಂದು ಪಾಪ, ಇಳಿಯುವವರೆಗೂ ಅವನಿಗೆ ಆತಂಕ!

ಕಳೆದ ವರ್ಷ ಒಂದು ಬೆಳಿಗ್ಗೆ ಮಾವನ ಫೋನು ಬಂತು. "ಬೇಗ ಬಾ. ಅತ್ತೆಗೆ ಆಗುವುದಿಲ್ಲ, ಭಾರೀ ನೋವು." ನಾನು ತಲುಪುವಷ್ಟರಲ್ಲಿ ಅತ್ತೆಯನ್ನು ರಿಕ್ಷಾದಲ್ಲಿ ಮನೆ ಹತ್ತಿರದ ಆಸ್ಪತ್ರೆಗೆ ತಂದಿದ್ದರು. ಅತ್ತೆ ಹಾಸಿಗೆಯಲ್ಲಿ ಮುದುಡಿಕೊಂಡಿದ್ದರು, ಮಾತಾಡುವ ಸ್ಥಿತಿಯಲ್ಲಿರಲಿಲ್ಲ. ಚಿಕ್ಕ ವಯಸ್ಸಿನ ಡಾಕ್ಟರೊಬ್ಬಳು ಅತ್ತೆಗೆ ನೋವು ಎಲ್ಲಿ ಎಂದು ಮಾವನನ್ನು ಕೇಳಿದಳು: "ಅಂಕಲ್, ಇನ್‌ಕೋ ದರ್ದ್ ಕಹಾಂ ಹೈ?"

ಹೊಟ್ಟೆಯೊಂದನ್ನೇ ಒಂಬತ್ತು ಭಾಗ ಮಾಡಿ, ಒಂಬತ್ತಕ್ಕೂ ನಿದ್ದೆಯಲ್ಲಿ ಹೆಸರು ಹೇಳಬಲ್ಲ ಮನುಷ್ಯ! ಮಾವ ತಮ್ಮ ಹೊಟ್ಟೆಯ ಮೇಲೆಯೇ ಅಂಗೈ ಇಟ್ಟುಕೊಂಡು "ಇಧರ್... ಇಧರ್..." ಎಂದರು.

"ಆಪ್‌ಕೋ ಭೀ ದರ್ದ್ ಹೈ?" ಇವರಿಗೂ ನೋವೇ ಎಂದು ಅವಳು ಗಾಬರಿಯಾದಳು.

ಮಾವ ಹೌದೆಂದು ತಲೆಯಾಡಿಸಿಬಿಟ್ಟರು.

ಪಿತ್ತಕೋಶದಲ್ಲಿ ಕಲ್ಲು. ಅವತ್ತೇ ಆಪರೇಷನ್ ಆಯಿತು, ಸುಸೂತ್ರವಾಗಿಯೇ ಆಯಿತು. ಮರುದಿನ ಬೆಳಿಗ್ಗೆ ನಾನು ಹೋದಾಗ ಅತ್ತೆ ದಿಂಬಿಗೆ ಒರಗಿ ಕೂತಿದ್ದರು. ಡಾಕ್ಟರು ಬರುವ ಹೊತ್ತಿಗೆ ತಲೆ ಕೆದರಿಕೊಂಡಿರಬಾರದು ಎಂದು ಅವರ ಹಟ. ಕೈಗೆ ಸಲೈನಿನ ಸೂಜಿ ಹಾಕಿದ್ದರಿಂದ ಬಾಚಣಿಗೆ ಮಾವನ ಪಾಲಿಗೆ ಬಂದಿತ್ತು. ಒಂದು ಸಲ ಬಾಚುವುದು, ಕಣ್ಣೊರೆಸಿಕೊಳ್ಳುವುದು, ಮತ್ತೆ ಬಾಚುವುದು.

"ಬೈತಲೆ ನಡುವಿಗೆ ಬಂತಾ, ನೋಡು," ಎಂದು ಅತ್ತೆ ನನ್ನನ್ನು ಕೇಳಿದರು.

ಅದು ಹಣೆಯಿಂದ ಹೊರಟು, ಸೊಟ್ಟಗೆ, ಕಿವಿಯ ಕಡೆಗೆ ಹೋಗಿತ್ತು.

"ಬಂದಿದೆ ಅತ್ತೆ," ಎಂದೆ. "ಸರೀ ನಡುವಿಗೆ."