ಸುಮ್ಮನೆ ಕೂತು ಹನ್ನೊಂದು ಜಿಬಿ

ಆಟವಿಲ್ಲ, ಪಾಠವಿಲ್ಲ, ಪರದೆಯ ಮೇಲೆ ಒಂದು ಇರುವೆಯೂ ಓಡುತ್ತಿಲ್ಲ. ಆದರೂ ನಮ್ಮ ಮನೆಯ ಗೇಮಿಂಗ್ ಕಂಪ್ಯೂಟರ್ ಹದಿನಾರು ಜಿಬಿ ಮೆಮೊರಿಯಲ್ಲಿ ಹನ್ನೊಂದನ್ನು ನುಂಗಿ ಕೂತಿರುತ್ತದೆ! ಇದು ನ್ಯಾಯವೇ, ನೀವೇ ಹೇಳಿ. ದಿನಕ್ಕೆ ಆರು ಪಿರಿಯಡ್ ಗಂಟಲು ಹರಿದುಕೊಳ್ಳುವ ನಾನು ಮೂರನೆಯ ರೊಟ್ಟಿ ಕೇಳಿದರೆ "ಹೊಟ್ಟಿ ನೋಡ್ಕೋರಿ" ಎನ್ನುತ್ತಾಳೆ ನನ್ನ ಹೆಂಡತಿ. ಆ ಡಬ್ಬಿಯನ್ನು ಕೇಳುವವರಿಲ್ಲ.

ಡಬ್ಬಿ ಅವಳದ್ದೇ. ಭಾಗ್ಯ ಶಹಾಬಾದಿನಲ್ಲಿ ನರ್ಸ್. ವಾರಕ್ಕೆ ಆರು ದಿನ ಇಂಜೆಕ್ಷನ್, ಭಾನುವಾರ ಮಷಿನ್‌ಗನ್. ಚಿತ್ತಾಪುರದ ಅತೀಯಾ, ವಾಡಿಯ ಹುಸ್ನಾ ಸೇರಿ ಮೂವರ ತಂಡ. ಹೆಡ್‌ಫೋನ್ ಏರಿಸಿ ಅವರವರ ಮನೆಯಲ್ಲೇ ಕೂತು ಆಡುತ್ತಾರೆ. ಆ ಭಾನುವಾರ ನಾಲ್ಕು ಗಂಟೆಗೆ ಸೆಮಿಫೈನಲ್ ಇತ್ತು. ಹಿಂದಿನ ವಾರ ಮೆಮೊರಿ ಸಾಲದೆ ಆಟ ಗಕ್ಕನೆ ನಿಂತು, ಇವಳು ನಿಂತಲ್ಲೇ ಗುಂಡು ತಿಂದು ಸತ್ತಿದ್ದಳು. (ಆಟದಲ್ಲಿ. ಮನೆಯಲ್ಲಿ ಸತ್ತವನು ನಾನು.)

"ಮುಜೀಬ ಮೂರಕ್ಕ ಬರ್ತಾನ್ರಿ. ಅಲ್ಲಿತನಕ ಅದಕ್ಕ ಕೈ ಹಚ್ಚಬ್ಯಾಡ್ರಿ," ಎಂದು ಹೇಳಿ ಭಾಗ್ಯ ಊಟವಾದ ಮೇಲೆ ಮಲಗಿದಳು.

ಮುಜೀಬ! ನನ್ನ ಕೈಯಲ್ಲಿ ಕಲಿತು ಈಗ ರಿಪೇರಿ ಅಂಗಡಿ ಇಟ್ಟವನು! ನಾನು ಭಂಕೂರ ಹೈಸ್ಕೂಲಿನ ಕನ್ನಡ ಮಾಸ್ತರ, ಮೇಲಾಗಿ ಕಂಪ್ಯೂಟರ್ ಕೊಠಡಿಯ ಹೆಚ್ಚುವರಿ ಪ್ರಭಾರ ಹೊತ್ತವನು. (ಬೀಗದ ಕೈ ನನ್ನ ಹತ್ತಿರ ಇದೆ ಎಂದರ್ಥ.) ನಾನು ಮನೆಯಲ್ಲಿರುವಾಗ ಹೊರಗಿನವನೇಕೆ? ನನ್ನ ರಕ್ತ ಕುದಿಯಿತು.

ಒಳಗೆ ಯಾವ ಯಾವ ಪ್ರೋಗ್ರಾಂ ಓಡುತ್ತಿದೆ ಎಂದು ತೋರಿಸುವ ಟಾಸ್ಕ್ ಮ್ಯಾನೇಜರ್ ತೆರೆದು ಹಾಜರಿ ಕರೆದೆ. ಒಳಗೆ ನೂರಕ್ಕೂ ಮಿಕ್ಕಿ ಹೆಸರುಗಳು! ಅರ್ಥವಾಗದ ಹೆಸರಿನವರನ್ನು ಒಬ್ಬೊಬ್ಬರಾಗಿ ಹೊರದಬ್ಬಿದೆ. ಹತ್ತನೆಯವನನ್ನು ದಬ್ಬುತ್ತಲೇ ಪರದೆ ನೀಲಿಯಾಗಿ, ಕಂಪ್ಯೂಟರ್ ತಾನೇ ಕಣ್ಣು ಮುಚ್ಚಿ ತಾನೇ ತೆರೆಯಿತು. ನೋಡಿದರೆ ಎಲ್ಲರೂ ಮತ್ತೆ ತಮ್ಮ ತಮ್ಮ ಬೆಂಚಿನಲ್ಲಿ! ಇಂಥ ಅವಿಧೇಯತೆಯನ್ನು ನಾನು ಒಂಬತ್ತನೆಯ 'ಬಿ' ವಿಭಾಗದಲ್ಲೂ ಕಂಡಿರಲಿಲ್ಲ.

ಇಂಟರ್‌ನೆಟ್ಟಿನಲ್ಲಿ ಹುಡುಕಿ ಮೆಮೊರಿ ಶುದ್ಧಿ ಮಾಡುವ ಪ್ರೋಗ್ರಾಂ ಒಂದನ್ನು ಇಳಿಸಿಕೊಂಡೆ. ಅದು ತನಗೆ ಜೊತೆಗಾರ ಬೇಕೆಂದಿತು, ಕೊಟ್ಟೆ. ಜೊತೆಗಾರನಿಗೂ ಒಬ್ಬ ತಮ್ಮನಿದ್ದ. ಮೂವರೂ ಸೇರಿ ಶುದ್ಧಿ ಮಾಡಿದ ಮೇಲೆ ಲೆಕ್ಕ ಹದಿಮೂರು ಜಿಬಿಗೆ ಏರಿತು.

ಈಗ ಬೇರು ಸಮೇತ ಕೀಳುವುದೊಂದೇ ದಾರಿ ಎಂದು ಪ್ರೋಗ್ರಾಂಗಳ ಪಟ್ಟಿ ತೆರೆದೆ. ಅಲ್ಲಿ ಕಳ್ಳಿ ಸಿಕ್ಕಿಬಿದ್ದಳು: ಆಂಟಿ-ಚೀಟ್! ಯಾವ ಆಂಟಿ, ನಮ್ಮ ಮನೆಯಲ್ಲಿ ಕೂತು ಯಾರಿಗೆ ಚೀಟ್ ಮಾಡುತ್ತಿದ್ದಾಳೆ? ಒಂದೇ ಗುಂಡಿ ಒತ್ತಿ ಅವಳನ್ನು ಗಡಿಪಾರು ಮಾಡಿದೆ.

ಮೂರಕ್ಕೆ ಎದ್ದ ಭಾಗ್ಯ ಆಟ ತೆರೆಯಲು ನೋಡಿದಳು. ತೆರೆಯಲಿಲ್ಲ.

"ಏನ್ ಮಾಡೀರಿ?"

"ಏನಿಲ್ಲ, ಸ್ವಲ್ಪ ಸ್ವಚ್ಛ ಮಾಡೀನಿ."

"ಆಂಟಿ-ಚೀಟ್ ಎಲ್ಲಿ ಹೋಯ್ತು? ಅದಿಲ್ಲಂದ್ರ ಆಟಕ್ಕ ಒಳಗೇ ಬಿಡಂಗಿಲ್ಲ! ನಾವು ಮೋಸ ಮಾಡಾಕತ್ತಿಲ್ಲ ಅಂತ ನೋಡ್ಕೊಳ್ಳೋದೇ ಅದು!"

"ಹಂಗಂತ ಹೆಸರಿನ್ಯಾಗ ಬರೀಬೇಕಿಲ್ಲೇನು?"

"ಅದೇ ಬರ್ದದ್ರೀ!"

ಅಷ್ಟರಲ್ಲಿ ಮುಜೀಬ ಬಂದ. "ನಮಸ್ಕಾರ ಸರ್," ಎಂದು ವಿನಯದಿಂದ ಕೂತು, ಕಂಪ್ಯೂಟರ್ ಚಾಲೂ ಆದಾಗಲೆಲ್ಲ ತಾವೂ ಎದ್ದು ಕೂರುವ ಪ್ರೋಗ್ರಾಂಗಳ ಪಟ್ಟಿ ತೆರೆದ.

"ಮೇಡಂ, ಈ ಪಂಚಾಂಗ ನಿಮ್ಮದೇನ್ರಿ?"

"ಅವರದು."

"ಮೂರು ಕನ್ನಡ ಟೈಪಿಂಗು? ಜಲಪಾತ ಹರಿಯೋ ವಾಲ್‌ಪೇಪರು? ಹಿಂದ ಮುಚ್ಚದಂಗ ಕುಂತ ಬ್ರೌಸರು, ಅದರಾಗ ಅರವತ್ತೆರಡು ಪುಟ?"

"ಅವರವೇ," ಎಂದಳು ಭಾಗ್ಯ. ಪ್ರತಿ ಸಲಕ್ಕೂ ನನ್ನತ್ತ ಒಂದು ನೋಟ.

"ಪ್ರಶ್ನೆಪತ್ರಿಕೆ ತೆಗೀಲಿಕ್ಕೆ ಬೇಕಾಗ್ತಾವಪ್ಪ," ಎಂದು ನಾನು ಕೆರಳಿ ನುಡಿದೆ.

"ಸರ್, ಇವು ಹೊಸಾವು ಮೂರು ಸ್ವಚ್ಛ ಮಾಡೋವು, ಭಾಳ ತಿನ್ನಾಕತ್ಯಾವ," ಎಂದ ಆ ಶಿಷ್ಯೋತ್ತಮ.

ನನ್ನದೆಲ್ಲವೂ ಹೋಯಿತು. ಸುಮ್ಮನೆ ಕೂತ ಡಬ್ಬಿಯ ಊಟ ನಾಲ್ಕೂವರೆ ಜಿಬಿಗೆ ಇಳಿಯಿತು. ಆಂಟಿ ಸಕಲ ಮರ್ಯಾದೆಯೊಂದಿಗೆ ಮರಳಿ ಬಂದಳು. ನಾಲ್ಕಕ್ಕೆ ಎರಡು ನಿಮಿಷವಿರುವಾಗ ಆಟ ತೆರೆಯಿತು. "ಅತೀಯಾ, ಎಡಕ್ಕ ಹೋಗ! ಹುಸ್ನಾ, ಹಿಂದ ನೋಡ!" ಎಂದು ಮನೆ ನಡುಗಿಸಿ ಮೂವರೂ ಗೆದ್ದರು. ಆ ಸಂಭ್ರಮದಲ್ಲೇ ಹೆಂಡತಿ ಮುಜೀಬನಿಂದ ಕಂಪ್ಯೂಟರಿನಲ್ಲಿ ನನಗೊಂದು ಪ್ರತ್ಯೇಕ ಖಾತೆ ಮಾಡಿಸಿದಳು.

ಮರುದಿನ ನನ್ನ ಜಲಪಾತವನ್ನು ಮತ್ತೆ ಇಳಿಸಲು ಹೋದರೆ ಆಡಳಿತಾಧಿಕಾರಿಯ ಪಾಸ್‌ವರ್ಡ್ ಬೇಕೆಂದು ಪರದೆ ಗದರಿತು. ಆಡಳಿತಾಧಿಕಾರಿ ಒಳಗೆ ಹಿಟ್ಟು ನಾದುತ್ತಿದ್ದಳು.

"ಅರ್ಜಿ ಬರ್ದು ಕೊಡ್ರಿ, ಕಾರಣ ಸಹಿತ."

ಇಪ್ಪತ್ತೆರಡು ವರ್ಷ ಮಕ್ಕಳಿಗೆ ಅರ್ಜಿ ಬರೆಯಲು ಕಲಿಸಿದವನು ನಾನು! ಸಿಟ್ಟಿನ ಭರದಲ್ಲಿ 'ಮಾನ್ಯ ಆಡಳಿತಾದಿಕಾರಿಗಳಿಗೆ' ಎಂದು ಆರಂಭಿಸಿ ಪುಟ ತುಂಬ ಬರೆದು ಕೊಟ್ಟೆ. ಸಂಜೆ ಡ್ಯೂಟಿ ಮುಗಿಸಿ ಬಂದವಳು ಓದಿ, ನನ್ನದೇ ಕೆಂಪು ಪೆನ್ನಿನಿಂದ ಮೊದಲ ಸಾಲಿಗೆ ಒಂದು ಸುತ್ತು ಹಾಕಿ ತಿರುಗಿಸಿ ಕೊಟ್ಟಳು.

"ಅದಿಕಾರಿ ಅಂತ ಬರ್ದೀರಿ ಮಾಸ್ತರ. ನನ್ನ ಅಧಿಕಾರದಾಗಿನ ಮಹಾಪ್ರಾಣನೇ ತಗದ್ರ ಪಾಸ್‌ವರ್ಡ್ ಹೆಂಗ ಕೊಡ್ಲಿ? ಹತ್ತು ಸಲ ತಿದ್ದಿ ಬರ್ಕೊಂಡು ಬರ್ರಿ."

ಏಳನೆಯದು ಬರೆಯುತ್ತಿದ್ದೇನೆ.