ಭಾವ, ಜಿರಾಫೆ ಮತ್ತು ಚೆಂಡುಹೂವಿನ ಹಾರ

ಭೂಮಿಯ ಮೇಲಿರುವ ಅಪಾಯಗಳಲ್ಲಿ ಅರ್ಧವನ್ನು ನಮ್ಮ ಭಾವನೇ ಕಂಡುಹಿಡಿದಿರಬೇಕೆಂದು ನನ್ನ ಗುಮಾನಿ. ಉಳಿದರ್ಧ ಮೊದಲೇ ಇದ್ದವು, ಆದರೆ ಅವನ್ನು ನಮಗೆಲ್ಲ ಪರಿಚಯ ಮಾಡಿಸಿದವರು ಅವರೇ! ನೀವು ಬಾಳೆಹಣ್ಣು ತಿನ್ನುತ್ತಿದ್ದರೆ ಅವರ ಕಣ್ಣು ಸಿಪ್ಪೆಯ ಮೇಲೆ. ಮಗುವಿನ ಕೈಯಲ್ಲಿ ಬಲೂನು ಕಂಡರೆ ಕಿವಿ ಮುಚ್ಚಿಕೊಂಡು ಕಾಯುತ್ತಾರೆ.

ಧಾರವಾಡದ ಈ ಮಹಾನುಭಾವರು ಮೈಸೂರಿನವಳಾದ ನಮ್ಮಕ್ಕನನ್ನು ಮದುವೆಯಾಗಿ, ಹ್ಯೂಸ್ಟನ್ ಪಕ್ಕದ ಕೇಟಿಯಲ್ಲಿ ಮನೆ ಮಾಡಿದ್ದಾರೆ. ಎಣ್ಣೆ ಕಂಪನಿಯೊಂದರಲ್ಲಿ ಸೇಫ್ಟಿ ಎಂಜಿನಿಯರ್. ಅಲ್ಲಿ ಯಾವ ಕೆಲಸ ಶುರುವಾಗುವ ಮುಂಚೆಯೂ ಎಲ್ಲರನ್ನೂ ನಿಲ್ಲಿಸಿಕೊಂಡು, ಏನೇನು ಅನಾಹುತ ಆಗಬಹುದೆಂದು ವಿವರಿಸುವುದು ಪದ್ಧತಿಯಂತೆ. ಕಂಪನಿ ಸಂಬಳ ಕೊಟ್ಟು ಹೇಳಿಸುತ್ತದೆ, ನಮಗೆ ಪುಕ್ಕಟೆ. ಅವರ ಗೃಹಪ್ರವೇಶದ ಹೋಮಕ್ಕೆ ಭಾವ ಪಂಚೆಯುಟ್ಟು, ಬೆಂಕಿ ಆರಿಸುವ ಕೆಂಪು ಸಿಲಿಂಡರನ್ನು ಕಂಕುಳಲ್ಲಿ ಇಟ್ಟುಕೊಂಡೇ ಮಣೆಯ ಮೇಲೆ ಕೂತಿದ್ದರು.

"ಆಚಾರ್ರ, ತುಪ್ಪ ಸ್ವಲ್ಪ ಕಡಿಮಿ ಬಿಡ್ರಿ."

"ದೇವರಿಗೂ ಜಿಪುಣತನವೇ ಸ್ವಾಮಿ?"

"ದೇವರಿಗಲ್ಲರಿ, ಬಾಜೂಕ ಕರ್ಟನ್ ಅದ!"

ಇಂಥ ಮನುಷ್ಯ ಒಂದು ದಿನ ಡಾಲಸ್ ಪಕ್ಕದ ಪ್ಲೇನೋದಲ್ಲಿರುವ ನನಗೆ ಫೋನು ಮಾಡಿ, "ಶನಿವಾರ ನಿಮ್ಮ ಕಡೆ ಬರ್ತೀವಿ. ಆಫ್ರಿಕಾದ ಪ್ರಾಣಿ ನೋಡ್ಲಿಕ್ಕೆ ಹೋಗೂಣು, ನಮ್ಮ ಗಾಡಿ ಒಳಗ" ಎಂದರೆ ಹೇಗಾಗಬೇಡ! ಡಾಲಸ್‌ನಿಂದ ಒಂದೆರಡು ಗಂಟೆಯ ದಾರಿಯಲ್ಲಿ ಇಂಥದೊಂದು ಪಾರ್ಕ್ ಇದೆ. ಬೇಲಿ ಹಾಕಿದ ದೊಡ್ಡ ಗುಡ್ಡಗಾಡಿನಲ್ಲಿ ಜೀಬ್ರಾ, ಜಿರಾಫೆ, ಉಷ್ಟ್ರಪಕ್ಷಿಗಳು ತಮ್ಮ ಪಾಡಿಗೆ ತಿರುಗಾಡುತ್ತಿರುತ್ತವೆ. ನಾವು ನಮ್ಮ ಕಾರನ್ನೇ ಅವುಗಳ ನಡುವೆ ನಿಧಾನವಾಗಿ ಓಡಿಸಿಕೊಂಡು ಹೋಗಬೇಕು.

"ಭಾವ, ಮೈಯಲ್ಲಿ ಹುಷಾರಾಗಿದ್ದೀರಾ ತಾನೆ?"

"ಅಲ್ಲಿ ಲಾರಿ ಬರಂಗಿಲ್ಲವ್ವಾ" ಎಂದರು.

ಹಿಂದಿನ ವರ್ಷ ಐ-ಟೆನ್ ಹೆದ್ದಾರಿಯಲ್ಲಿ ಒಂದು ಲಾರಿ ಅಕ್ಕನ ಕಾರಿಗೆ ಪಕ್ಕದಿಂದ ಬಂದು ಬಡಿದಿತ್ತು. ಕಾರು ಗುಜರಿಗೆ ಹೋಯಿತು. ಮುರಿದ ಭುಜದ ಮೂಳೆ ಕೂಡಿಕೊಂಡಿತು, ಆದರೆ ಅಕ್ಕ ಮತ್ತೆ ಸ್ಟೀರಿಂಗ್ ಮುಟ್ಟಲಿಲ್ಲ. ಟೆಕ್ಸಸ್‌ನಲ್ಲಿ ಡ್ರೈವ್ ಮಾಡದಿದ್ದರೆ ಕೊತ್ತಂಬರಿ ಸೊಪ್ಪಿಗೂ ಇನ್ನೊಬ್ಬರ ಮುಖ ನೋಡಬೇಕು. ಇಷ್ಟಪಟ್ಟು ಮಾಡುತ್ತಿದ್ದ ಕೆಲಸ ಬಿಟ್ಟಳು, ನಗುವುದನ್ನೂ ಹೆಚ್ಚುಕಡಿಮೆ ಬಿಟ್ಟಳು. ಈಗ ಹೊಸ ಕಾರು ಬಂದಿತ್ತು. ಲಾರಿಯಿಲ್ಲದ, ಯಾರೂ ಹಾರ್ನ್ ಮಾಡದ, ಆಮೆಯಂತೆ ಹೋಗಲೇಬೇಕಾದ ರಸ್ತೆ ಟೆಕ್ಸಸ್‌ನಲ್ಲಿ ಎಲ್ಲಿದೆಯೆಂದು ಹುಡುಕಿ ಹುಡುಕಿ, ಭಾವ ಕೊನೆಗೆ ಜಿರಾಫೆಗಳ ಮಧ್ಯೆ ಕಂಡುಕೊಂಡಿದ್ದರು. ಅಲ್ಲಿ ಅಕ್ಕ ಗಾಡಿ ಓಡಿಸಬೇಕು, ಇದು ಯೋಜನೆ.

ಆದರೆ ಪೂಜೆಯಾಗದ ಗಾಡಿಯನ್ನು ಕಾಡುಪ್ರಾಣಿಗಳ ಎದುರಿಗೆ ಬಿಡುವುದುಂಟೆ? ಭಾವ, ಭಾರತೀಯರ ವ್ಯಾಪಾರವೇ ತುಂಬಿರುವ ಮಹಾತ್ಮ ಗಾಂಧಿ ಡಿಸ್ಟ್ರಿಕ್ಟ್‌ನ ಅಂಗಡಿಯಿಂದ ದಪ್ಪನೆಯ ಚೆಂಡುಹೂವಿನ ಹಾರ ತಂದು, ಬಾಡದಂತೆ ಐಸ್ ಪೆಟ್ಟಿಗೆಯಲ್ಲಿಟ್ಟು ಹ್ಯೂಸ್ಟನ್‌ನಿಂದ ಹೊತ್ತು ತಂದಿದ್ದರು. ಶನಿವಾರ ಬೆಳಿಗ್ಗೆ ನಮ್ಮ ಕಡೆಯ ದೇವಸ್ಥಾನದಲ್ಲಿ ಕಾರಿನ ಮೂತಿಗೆ ಹಾರ ಕಟ್ಟಿ, ಚಕ್ರಗಳಡಿ ನಿಂಬೆಹಣ್ಣು ಇಟ್ಟು, ಕಾಯಿ ಒಡೆದು ಪೂಜೆ ಮುಗಿಸಿ ಅಲ್ಲಿಂದಲೇ ಹೊರಟೆವು. ಪಾರ್ಕಿನವರೆಗೆ ಭಾವನದೇ ಡ್ರೈವಿಂಗ್. ಅಕ್ಕ ದಾರಿಯುದ್ದಕ್ಕೂ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಿದ್ದಳು.

ಗೇಟಿನಲ್ಲಿದ್ದ ಹುಡುಗಿ ಎರಡು ನಿಯಮ ಹೇಳಿದಳು. ಹೊರಗಿನ ತಿಂಡಿಯನ್ನು ಪ್ರಾಣಿಗಳಿಗೆ ಹಾಕಬಾರದು. ಒಳಗೆ ಹೋದಮೇಲೆ ಏನೇ ಆದರೂ ಕಾರಿನಿಂದ ಇಳಿಯಬಾರದು. ನಿಯಮ ಕೇಳಿ ಇಷ್ಟು ಸಂತೋಷಪಟ್ಟ ಮನುಷ್ಯನನ್ನು ಅವಳು ಹಿಂದೆ ಕಂಡಿರಲಾರಳು! ಭಾವ ಪ್ರಸಾದದ ಬಾಳೆಹಣ್ಣು, ಒಡೆದ ಕಾಯಿ, ಕಲ್ಲುಸಕ್ಕರೆಯನ್ನೂ ಬಿಡದೆ ಡಿಕ್ಕಿಯಲ್ಲಿಟ್ಟು ಭದ್ರಪಡಿಸಿದರು. ಹುಡುಗಿ ಹಾರ ನೋಡಿ "ಓ, ಸೋ ಪ್ರೆಟಿ!" ಅಂದಳು. ಅದೂ ತಿಂಡಿಯೇ ಎಂದು ಅವಳಿಗೂ ಹೊಳೆಯಲಿಲ್ಲ. ನಮಗಂತೂ ಹೊಳೆಯುವುದು ಹೇಗೆ? ದೇವರ ಹೂವನ್ನು ಯಾರಾದರೂ ಊಟವೆಂದು ನೋಡುತ್ತಾರೆಯೇ?

ಗೇಟಿನ ಪಕ್ಕದಲ್ಲೇ ಸೀಟು ಬದಲಾಯಿತು. ಅಕ್ಕ ದೇವರಿಗೆ ಕೈಮುಗಿದು ಸ್ಟೀರಿಂಗ್ ಹಿಡಿದಳು. ಪಕ್ಕದಲ್ಲಿ ಭಾವ, ಹಿಂದೆ ನಾನು ಮತ್ತು ಅವರ ಮಗಳು. ಕಾರು ತೆವಳತೊಡಗಿತು.

"ನಿಧಾನ, ನಿಧಾನ. ಎಡಕ್ಕ ಜಿಂಕಿ! ಬಲಕ್ಕ ಜೀಬ್ರಾ! ಮುಂದ ಕಲ್ಲು!"

"ಡ್ಯಾಡ್, ದಟ್ಸ್ ಎ ಟರ್ಟಲ್."

"ಆಮಿ ಆದರೂ ಅಡ್ಡ ಬಂದದ್ದು ಅಡ್ಡ ಬಂದಂಗನ!"

"ರೀ, ನೀವು ಸ್ವಲ್ಪ ಸುಮ್ನಿದ್ರೆ ನಂಗೆ ರಸ್ತೆ ಕಾಣುತ್ತೆ" ಎಂದಳು ಅಕ್ಕ. ಆಮೆ ನಮ್ಮನ್ನು ಹಿಂದೆ ಹಾಕಿ ಹೋಯಿತು.

ಗುಡ್ಡದ ತಿರುವಿನಲ್ಲಿ ಒಂದು ಉಷ್ಟ್ರಪಕ್ಷಿ ನಮ್ಮ ಕಾರನ್ನು ನೋಡಿತು. ನೋಡಿದ ರೀತಿಯಲ್ಲೇ ಏನೋ ಎಡವಟ್ಟು ಇದೆ ಅನ್ನಿಸಿತು. ನೇರವಾಗಿ ಓಡಿಬಂದು, ಢಬ್ಬೆಂದು ಹಾರಕ್ಕೆ ಬಾಯಿ ಹಾಕಿತು. ಹಿಂದೆಯೇ ಇನ್ನೊಂದು, ಢಬ್! ಕಾರು ಅಲುಗಿತು. ಅಕ್ಕ ಬ್ರೇಕ್ ಒತ್ತಿ ಕಣ್ಣು ಮುಚ್ಚಿಬಿಟ್ಟಳು. ಆ ಸದ್ದು ಅವಳಿಗೆ ಯಾವ ಸದ್ದಾಗಿ ಕೇಳಿಸಿತೆಂದು ನಮಗೆಲ್ಲ ಗೊತ್ತಿತ್ತು.

"ನನ್ ಕೈಲಾಗಲ್ಲ ರೀ. ನೀವೇ ಬನ್ನಿ ಈ ಕಡೆ."

ಬರುವುದು ಹೇಗೆ? ಇಳಿಯುವಂತಿಲ್ಲ! ಭಾವನ ಕೈ ಬಾಗಿಲಿಗೆ ಹೋಯಿತು, ವಾಪಸ್ ಬಂತು. ಲೋಕದ ಸಕಲ ಅನಾಹುತಕ್ಕೂ ಸಲಹೆ ಇಟ್ಟುಕೊಂಡಿದ್ದವರ ಬಳಿ ಇದಕ್ಕೆ ಒಂದೂ ಇರಲಿಲ್ಲ. ಕೊನೆಗೆ, ಬಹಳ ಸಣ್ಣ ದನಿಯಲ್ಲಿ, "ನಂಗೂ ಭಾಳ ಅಂಜಿಕಿ ಆಗೇದ" ಎಂದರು. "ಇಲ್ಲೇ ಕೂಡೂಣು. ನಿನಗ ಯಾವಾಗ ಆಗ್ತದ, ಆವಾಗ ಹೋಗೂಣು."

ಹಿಂದೆ ಕಾರುಗಳು ಸಾಲುಗಟ್ಟಿದವು. ಯಾರೂ ಹಾರ್ನ್ ಮಾಡಲಿಲ್ಲ. ಅಷ್ಟರಲ್ಲಿ ಗಾಜಿನ ಮೇಲೆ ನೆರಳು ಬಿತ್ತು. ಜಿರಾಫೆಯೊಂದು ಉಷ್ಟ್ರಪಕ್ಷಿಗಳ ತಲೆಯ ಮೇಲಿಂದ ಕುತ್ತಿಗೆ ಇಳಿಸಿ, ಉದ್ದನೆಯ ನಾಲಿಗೆ ಚಾಚಿ, ಅಳಿದುಳಿದ ಹಾರವನ್ನು ದಾರಸಮೇತ ಕಿತ್ತುಕೊಂಡಿತು. ಅರ್ಧ ಬಾಯಲ್ಲಿ, ಅರ್ಧ ಕೊರಳಿನ ಕಡೆಗೆ ಇಳಿಬಿಟ್ಟುಕೊಂಡು, ನಮಗೆ ಬೆನ್ನು ತಿರುಗಿಸಿ ಗಂಭೀರವಾಗಿ ಹೊರಟಿತು. ಅಕ್ಕ ಕಣ್ಣು ಬಿಟ್ಟಳು.

"ಅಯ್ಯೋ, ಮದುಮಗ ನೋಡೇ! ಛತ್ರ ಬಿಟ್ಟು ಓಡಿಹೋಗ್ತಿದಾನೆ!"

ಅವಳು ನಕ್ಕಳು. ಸ್ಟೀರಿಂಗ್ ಮೇಲೆ ಹಣೆಯಿಟ್ಟು ನಕ್ಕಳು, ಮಗಳು ನಕ್ಕಳು, ನನಗೆ ನಗುತ್ತಲೇ ಅಳು ಬಂತು. ಭಾವ ಮಾತ್ರ "ದಾರ! ದಾರ ನುಂಗಿದರ ಹೊಟ್ಟಿಗೆ ಅಪಾಯ!" ಎಂದು ಪಾರ್ಕಿನವರಿಗೆ ಫೋನು ಹಚ್ಚಿದರು. ಸಿಬ್ಬಂದಿ ಜೀಪಿನಲ್ಲಿ ಬಂದು, ಎಲೆಯ ಕಟ್ಟು ತೋರಿಸಿ ಜಿರಾಫೆಯ ಬಾಯಿಂದ ದಾರ ಬಿಡಿಸಿಕೊಂಡು, ನಮಗೆ ಚೆನ್ನಾಗಿ ಬೈದರು. ಭಾವ ಅವರಿಗೆ ಮತ್ತೆ ಮತ್ತೆ ಕೈಮುಗಿದರು. ಅಕ್ಕ ಗೇರ್ ಹಾಕಿದಳು.

ಹೊರಗೇಟಿನ ಬಳಿ ಸೀಟು ಬದಲಿಸಲು ಜಾಗವಿತ್ತು. ಭಾವ ಬೆಲ್ಟ್ ಬಿಚ್ಚಲು ಕೈಹಾಕಿದರು. ಅಕ್ಕ ನಿಲ್ಲಿಸಲಿಲ್ಲ. ಇಂಡಿಕೇಟರ್ ಹಾಕಿ, ಎರಡೂ ಕಡೆ ನೋಡಿ, ಗಾಡಿಯನ್ನು ಹೆದ್ದಾರಿಗೆ ತಿರುಗಿಸಿದಳು. ಎದುರಿನಿಂದ ಬಂದ ಲಾರಿಯೊಂದು ಪಕ್ಕದಲ್ಲೇ ಭರ್ರೆಂದು ಹಾದುಹೋಯಿತು. ಅವಳ ಬೆರಳುಗಳು ಬಿಗಿಯಾದವು, ಕಾರು ನೇರವಾಗಿಯೇ ಹೋಯಿತು.

ಭಾವನಿಂದ ಒಂದು ಎಚ್ಚರಿಕೆಯೂ ಬರಲಿಲ್ಲ. ಏನಾಯಿತೆಂದು ಬಗ್ಗಿ ನೋಡಿದೆ. ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಿದ್ದರು, ಕನ್ನಡಕದ ಕೆಳಗಿನಿಂದ ಕಣ್ಣೀರು ಗಲ್ಲಕ್ಕೆ ಇಳಿಯುತ್ತಿತ್ತು.

"ಭಾವ..." ಎಂದೆ.

"ಶ್, ಮಾತಾಡಸಬ್ಯಾಡವ್ವಾ" ಎಂದರು ಪಿಸುದನಿಯಲ್ಲಿ. "ಆಕಿ ಗಾಡಿ ಓಡಸ್ಲಿಕತ್ತಾಳ."