ನನ್ನ ಆರ್ಕಿಡ್‌ಗೆ ವಾಸನೆಯಿಲ್ಲ

ಮೂವತ್ತು ವರ್ಷ ಮಕ್ಕಳಿಗೆ ಸುಳ್ಳು ಹೇಳಬಾರದೆಂದು ಪಾಠ ಮಾಡಿಕೊಂಡು ಬಂದ ಮೇಷ್ಟ್ರು ನಾನು. ಬೇರೆಯವರು ಸುಳ್ಳು ಹೇಳುವುದಕ್ಕೆ ಘನವಾದ ಕಾರಣಗಳಿರುತ್ತವೆ. ಆಸ್ತಿಯೋ, ಪ್ರೇಮವೋ, ಚುನಾವಣೆಯೋ ಇರುತ್ತದೆ. ನಾನು ಹೇಳಿದ್ದು ಒಂದು ಹೂವಿನ ಗಿಡಕ್ಕಾಗಿ. ಅದೂ ಒಡಹುಟ್ಟಿದ ಅಕ್ಕನಿಗೆ. ಗಿಡದ ಹುಚ್ಚು ಹತ್ತಿದವನ ಮಾತನ್ನು ಅರ್ಧದಷ್ಟೇ ನಂಬಬೇಕು ಎಂದು ಈಗ ನಾನೇ ಎಲ್ಲರಿಗೂ ಹೇಳುತ್ತಿದ್ದೇನೆ. ಈ ಮಾತನ್ನೂ ಅರ್ಧ ನಂಬಿದರೆ ಸಾಕು.

ಗಿಡ ಅಂದರೆ ಆರ್ಕಿಡ್. ಹೂವು ರೆಕ್ಕೆ ಬಿಚ್ಚಿದ ಪತಂಗದ ಹಾಗಿರುವುದರಿಂದ ಪತಂಗದ ಆರ್ಕಿಡ್ ಎಂದು ಹೆಸರು. ಈ ಜಾತಿಯಲ್ಲಿ ಹೆಚ್ಚಿನವಕ್ಕೆ ಪರಿಮಳವೇ ಇರುವುದಿಲ್ಲ. ಆದರೆ ಮೂರು ವರ್ಷದ ಹಿಂದೆ ಬೆಂಗಳೂರಿನ ನರ್ಸರಿಯೊಂದರಿಂದ ನಾನು ಚಿಂತಾಮಣಿಗೆ, ಬಸ್ಸಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ತಂದ ಗಿಡಕ್ಕೆ ಇತ್ತು! ಬೆಳಗ್ಗೆ ಬಿಸಿಲೇರುತ್ತಿದ್ದಂತೆ ನಿಂಬೆಸಿಪ್ಪೆಯನ್ನೂ ಗುಲಾಬಿಯನ್ನೂ ಒಟ್ಟಿಗೆ ಹಿಸುಕಿದಂಥ ಘಮ. ಸಂಜೆಗೆ ಮಾಯ. ನಾನು ಸುಮ್ಮನಿರುವ ಪೈಕಿಯೇ? ಸ್ಟಾಫ್ ರೂಮಿನಲ್ಲಿ, ಮದುವೆ ಮನೆಗಳಲ್ಲಿ, ಕೊನೆಗೆ ಒಂದು ತಿಥಿಯೂಟದ ಪಂಕ್ತಿಯಲ್ಲಿ ಕೂಡ ಅದರ ಪರಿಮಳವನ್ನು ಕೊಂಡಾಡಿದೆ. ಆಮೇಲೆ ಹೂವು ಉದುರಿತು. ಮತ್ತೆ ಬಿಡಲಿಲ್ಲ.

ಎರಡು ವರ್ಷ ನಾಲ್ಕು ಎಲೆಗಳಿಗೆ ನಾನು ಮಾಡಿದ ಸೇವೆಯನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಗಾಳಿಯಲ್ಲಿ ತೇವ ಬೇಕೆಂದು ಓದಿ ಬಚ್ಚಲಮನೆಯಲ್ಲಿಟ್ಟೆ. "ನಾನು ಸ್ನಾನ ಮಾಡೋವಾಗ ಅದು ನನ್ನೇ ನೋಡ್ತಾ ಇರತ್ತೆ ಕಣ್ರೀ, ಆಚೆ ಇಡಿ" ಎಂದಳು ಹೆಂಡತಿ. ಕೊನೆಗೊಂದು ವಿಡಿಯೋದಲ್ಲಿ ಗುಟ್ಟು ತಿಳಿಯಿತು: ಕೆಲವು ವಾರ ರಾತ್ರಿ ತಂಪಿರಬೇಕು, ತೇವವಿರಬೇಕು, ಬೆಳಕು ಬೇಕು, ಸುಡುವ ಬಿಸಿಲು ಕೂಡದು. ಇಡೀ ದಿನ ಕಾದು ಇಡೀ ರಾತ್ರಿ ಕಾವು ಕಕ್ಕುವ ನಮ್ಮ ತಾರಸಿ ಮನೆಯಲ್ಲಿ ಇದೆಲ್ಲ ಎಲ್ಲಿಂದ ತರಲಿ?

ಹೊಳೆದದ್ದು ಹಲ್ಲುಜ್ಜುವಾಗ. ಅಕ್ಕನ ಸೊಪ್ಪಿನ ಕೋಣೆ! ಬ್ರಷ್ ಬಾಯಲ್ಲಿಟ್ಟುಕೊಂಡೇ ಕುಣಿದೆ. ಶಿಡ್ಲಘಟ್ಟದ ಹತ್ತಿರದ ಹಳ್ಳಿಯಲ್ಲಿ ನಮ್ಮಕ್ಕ ರೇಷ್ಮೆಹುಳು ಸಾಕುತ್ತಾಳೆ. ಹುಳುಮನೆಗೆ ಅಂಟಿಕೊಂಡ ಕೋಣೆಯಲ್ಲಿ ಹಿಪ್ಪುನೇರಳೆ ಸೊಪ್ಪು ಬಾಡದಿರಲೆಂದು ಒದ್ದೆ ಗೋಣಿತಾಟು ಹೊದಿಸಿರುತ್ತಾಳೆ. ಉತ್ತರಕ್ಕೊಂದು ಕಿಟಕಿ. ಆರ್ಕಿಡ್‌ಗೆಂದೇ ಕಟ್ಟಿಸಿದಂತಿದೆ. ದೀಪಾವಳಿ ಕಳೆದ ಮೇಲೆ ಗಿಡ ಹೊತ್ತುಕೊಂಡು ಹೋದೆ.

"ಏನೋ ಇದರ ಹೆಸರು?" ಎಂದಳು ಅಕ್ಕ.

"ಪತಂಗದ ಹೂವಕ್ಕ. ರೇಷ್ಮೆಚಿಟ್ಟೆ ಇದ್ದ ಹಾಗೆ ಇರತ್ತೆ."

"ಚಿಟ್ಟೆ ಆಚೆ ಬಂತು ಅಂದ್ರೆ ಗೂಡು ತೂತಾಯ್ತು, ನೂಲು ಹಾಳಾಯ್ತು ಅಂತ ಕಣೋ. ಒಳ್ಳೆ ಹೆಸರು ಹುಡುಕ್ಕೊಂಡು ಬಂದೆ. ಹೋಗ್ಲಿ, ಕಿಟಕಿಯಲ್ಲಿ ಇಡು."

ಸಂಕ್ರಾಂತಿ ಮಾರನೆಯ ದಿನ ಅಕ್ಕನ ಫೋನು. "ನಿನ್ನ ಗಿಡದಿಂದ ಒಂದು ಹಸಿರು ಬೆರಳು ಆಚೆ ಬಂದೈತೆ." ತಟ್ಟೆಯಲ್ಲಿದ್ದ ದೋಸೆ ಬಿಟ್ಟು ಬಸ್ ಸ್ಟ್ಯಾಂಡಿಗೆ ಓಡಿದೆ. ಬೇರಾಗಿರಬಹುದೆಂಬ ಭಯ ದಾರಿಯುದ್ದಕ್ಕೂ. ಬೇರಲ್ಲ, ಹೂದಂಟು! ಅಕ್ಕನ ಕಾಲಿಗೆ ಬಿದ್ದುಬಿಟ್ಟೆ. ಅಲ್ಲಿಂದ ದಿನಕ್ಕೆರಡು ಸಲ ಫೋನು ಮಾಡಿ ದಂಟು ಎಷ್ಟು ಬೆರಳುದ್ದವಾಯಿತೆಂದು ವಿಚಾರಿಸಿದೆ. ಮಾರ್ಚಿಗೆ ಐದು ಮೊಗ್ಗು. ನೋಡಲು ಹೋದಾಗ ಅಕ್ಕ ಹುಳುಮನೆಯ ಬಾಗಿಲಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ಇದು ಘಂ ಅನ್ನತ್ತೆ ಅಂತ ಊರಿಗೆಲ್ಲಾ ಹೇಳ್ಕೊಂಡು ತಿರುಗ್ತಿದ್ದೆಯಲ್ಲ?"

ಆಗಲೇ ನನಗೆ ನೆನಪಾದದ್ದು. ಹುಳು ಸಾಕುವ ಮನೆಯಲ್ಲಿ ಪರಿಮಳಕ್ಕೆ ಪ್ರವೇಶವಿಲ್ಲ. ಅಕ್ಕ ಮಲ್ಲಿಗೆ ಮುಡಿಯುವುದಿಲ್ಲ, ಪೌಡರ್ ಹಚ್ಚುವುದಿಲ್ಲ, ಊದುಬತ್ತಿಯನ್ನು ಬೀದಿಬಾಗಿಲ ಆಚೆ ಹಚ್ಚುತ್ತಾಳೆ. ಸೊಪ್ಪಿಗೆ ವಾಸನೆ ಹಿಡಿದರೆ ಹುಳು ಬಾಯಿಡುವುದಿಲ್ಲ ಎಂಬುದು ಅವಳ ನಂಬಿಕೆ. ಇಡೀ ಬೆಳೆಯೇ ಹೋದೀತು. ಆದರೆ ಮೊಗ್ಗಿರುವಾಗ ಗಿಡವನ್ನು ಕದಲಿಸಿದರೆ ಒಂದೊಂದೇ ಹಳದಿಯಾಗಿ ಉದುರುತ್ತದೆಂದು ವಿಡಿಯೋದವರು ಎಚ್ಚರಿಸಿದ್ದರು. ಎರಡು ವರ್ಷ ಕಾದ ಐದು ಮೊಗ್ಗು!

"ಛೇ ಛೇ, ವಾಸನೆನಾ? ಜಂಬಕ್ಕೆ ಹೇಳ್ಕೊಂಡಿದ್ದೆ ಅಕ್ಕ. ಇದಕ್ಕೆ ಒಂಚೂರೂ ವಾಸನೆಯಿಲ್ಲ. ನಿನ್ನಾಣೆ."

ಅಕ್ಕ ನನ್ನ ಮುಖವನ್ನೇ ನೋಡಿದಳು. ಚಿಕ್ಕಂದಿನಲ್ಲಿ ಬೆಲ್ಲ ಕದ್ದಾಗಲೂ ಹೀಗೇ ನೋಡುತ್ತಿದ್ದಳು. "ಹಂಗಾದ್ರೆ ಸರಿ" ಎಂದಳು.

ಅಲ್ಲಿಂದ ಮೂರು ವಾರ ಪರೀಕ್ಷೆ ಡ್ಯೂಟಿ. ಹುಳು ಸೊಪ್ಪು ಬಿಟ್ಟಂತೆ ಎರಡು ಸಲ ಕನಸು ಬಿತ್ತು. ಯುಗಾದಿಯ ದಿನ ಹತ್ತು ಗಂಟೆಗೆ ಅಕ್ಕನ ಮನೆ ತಲುಪಿದರೆ ಬೀದಿಯಲ್ಲೇ ನಿಂಬೆ, ಗುಲಾಬಿ! ಓಡಿದೆ. ಗಿಡ ಸೊಪ್ಪಿನ ಕೋಣೆಯಲ್ಲಿರಲಿಲ್ಲ. ಹುಳುಮನೆಯಿಂದ ದೂರ, ಬೀದಿ ಕಡೆಯ ಜಗಲಿಯ ನೆರಳಿನಲ್ಲಿ ಮೂರು ಹೂವು ಅರಳಿಸಿಕೊಂಡು ಕೂತಿತ್ತು. ಮಿಕ್ಕೆರಡು ಮೊಗ್ಗೂ ಗಟ್ಟಿಯಾಗಿದ್ದವು. ನಾನು ಆಣೆಯಿಟ್ಟ ಸಂಜೆಯೇ ಅಕ್ಕ ಅದನ್ನು ಎತ್ತಿ ಇಲ್ಲಿಟ್ಟಿದ್ದಳು. ಒಂದು ಮೊಗ್ಗೂ ಉದುರಿರಲಿಲ್ಲ. ಹುಳುವೂ ಚೆನ್ನಾಗಿತ್ತು. ನನಗೆ ಸಂತೋಷಕ್ಕೆ ಅಳು ಬಂತು. ನಾಚಿಕೆಗೂ ಸ್ವಲ್ಪ ಬಂದಿರಬೇಕು.

"ಅಬ್ಬಾ, ಏಮಿ ವಾಸನಕ್ಕಾ!" ಎಂದು ತೆಲುಗಿನಲ್ಲಿ ಉದ್ಗರಿಸುತ್ತ ಪಕ್ಕದ ಮನೆಯಾಕೆ ಹೂವಿನ ಹತ್ತಿರ ಮೂಗು ತಂದಳು.

"ಇದಕ್ಕೆ ವಾಸನೆಯಿಲ್ಲ ಕಣಮ್ಮ" ಎಂದಳು ಅಕ್ಕ, ಗಂಭೀರವಾಗಿ. "ನನ್ನ ತಮ್ಮ ಹೇಳಿದಾನೆ. ಮೇಷ್ಟ್ರು, ಸುಳ್ಳು ಹೇಳಲ್ಲ."

ಸಂಜೆ ಹೊರಡುವಾಗ ಗಿಡಕ್ಕೆ ಕೈ ಹಾಕಿದೆ. "ವಾಸನೆಯಿಲ್ಲದ ಹೂವು ನಿಂಗ್ಯಾಕಪ್ಪ? ಇಲ್ಲೇ ಇರ್ಲಿ ಬಿಡು" ಎಂದಳು. ಕೈ ಹಿಂದಕ್ಕೆ ತೆಗೆದೆ. ಇಟ್ಟದ್ದು ಅವಳದೇ ಆಣೆ.

ಈಗ ಪ್ರತಿ ಭಾನುವಾರ ಮೊದಲ ಬಸ್ಸಿಗೆ ಹೊರಡುತ್ತೇನೆ. ಅಕ್ಕನ ಮೇಲೆ ಇದ್ದಕ್ಕಿದ್ದಂತೆ ಇಷ್ಟು ಪ್ರೀತಿ ಹೇಗೆ ಉಕ್ಕಿತೆಂದು ಹೆಂಡತಿಗೆ ಆಶ್ಚರ್ಯ. ಜಗಲಿಯಲ್ಲಿ ಪೇಪರ್ ಅಡ್ಡ ಹಿಡಿದು ಕೂರುತ್ತೇನೆ. ಹತ್ತರ ಹೊತ್ತಿಗೆ ಘಮ ಏಳುತ್ತದೆ. ಒಳಗಿನಿಂದ ಅಕ್ಕ ಕೇಳುತ್ತಾಳೆ, "ಏನೋ ಅದು ಸೊರಸೊರ, ನೆಗಡಿನಾ?"

"ಹೂನಕ್ಕ, ಸ್ವಲ್ಪ ನೆಗಡಿ" ಎಂದು ಇನ್ನೊಂದು ಸಲ ಉದ್ದಕ್ಕೆ ಉಸಿರೆಳೆದುಕೊಳ್ಳುತ್ತೇನೆ.